ಮಂಗಳೂರಿನ ಚಳಿಗಾಲದ ಅಡುಗೆ

ಮಂಗಳೂರು ನಗರ ಮತ್ತು ಆಸುಪಾಸಿನ ಮನೆಗಳಲ್ಲಿ ನವೆಂಬರಿನಿಂದ ಫೆಬ್ರವರಿ ತನಕ, ಆ ಹೊತ್ತಿಗೆ ಗದ್ದೆ, ಹಿತ್ತಿಲು, ಅಳಿವೆ, ಕಡಲುಗಳಲ್ಲಿ ಸಿಗುವ ಪದಾರ್ಥಗಳಿಂದ ಮಾಡುವ ಅಡುಗೆ. ತುಳುವರ ತಿಂಗಳ ಲೆಕ್ಕದಲ್ಲಿ ಇದು ಜಾರ್ದೆ, ಪೆರಾರ್ದೆ, ಪುಯಿಂತೆಲ್ ತಿಂಗಳುಗಳ ಊಟ. ಕುಚ್ಚಲಕ್ಕಿ, ಹುರುಳಿ, ಹೆಸರು, ಗೆಡ್ಡೆಗೆಣಸು, ಬದನೆ, ಹರಿವೆ, ಬಸಳೆ, ನೆಲ್ಲಿಕಾಯಿ, ಬಂಗುಡೆ ಮತ್ತು ಬೂತಾಯಿ ಮೀನು, ಮರುವಾಯಿ ಎಂಬ ಚಿಪ್ಪುಜೀವಿ ಇದರ ಮುಖ್ಯ ಸಾಮಗ್ರಿಗಳು. ತುಳುವರು, ಗೌಡ ಸಾರಸ್ವತರು, ಕೊಂಕಣಿ ಕ್ರೈಸ್ತರು, ಬ್ಯಾರಿಗಳು, ಶಿವಳ್ಳಿ ಮತ್ತು ಹವ್ಯಕ ಬ್ರಾಹ್ಮಣರು ಒಂದೇ ಮಾರುಕಟ್ಟೆಯಿಂದ ಚೀಲ ತುಂಬಿಸಿಕೊಂಡು ಹೋಗುವ ಊರು ಇದು. ಆದ್ದರಿಂದ ಒಂದೇ ಬದನೆಗೆ, ಒಂದೇ ಹಿಡಿ ಹುರುಳಿಗೆ ಇಲ್ಲಿ ಐದಾರು ಬಗೆಯ ಅಡುಗೆಗಳಿವೆ.

ಋತು ಮತ್ತು ಗದ್ದೆ

ಮಂಗಳೂರಿನಲ್ಲಿ ಚಳಿ ಎಂಬುದು ಬೆಳಗಿನ ಜಾವದ ಕೆಲವು ಗಂಟೆಗಳ ಮಾತು. ಜನವರಿಯಲ್ಲೂ ಕನಿಷ್ಠ ಉಷ್ಣತೆ ಸರಾಸರಿ 20ರಿಂದ 21 ಡಿಗ್ರಿಯ ಆಸುಪಾಸು ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು 32 ಡಿಗ್ರಿ ದಾಟುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲಕ್ಕೆಂದು ಹೇಳುವ ತುಪ್ಪ, ಎಳ್ಳು, ಒಣಹಣ್ಣುಗಳ ಭಾರದ ಆಹಾರ ಇಲ್ಲಿನ ಮೈಗೆ ಬೇಕಾಗಿಲ್ಲ. ಈ ಋತುವನ್ನು ಬೇರೆ ಮಾಡುವುದು ಮಳೆ ನಿಂತಿರುವುದು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಾಡಿನಲ್ಲಿ ತರಕಾರಿಯ ನಿಜವಾದ ಕಾಲ ಶುರುವಾಗುವುದು ನೆಲ ಆರಿದ ಮೇಲೆಯೇ. ಮಳೆಗಾಲದ ಆಟಿ ತಿಂಗಳಿನಲ್ಲಿ ಕೆಸುವಿನೆಲೆ, ತಜಂಕ್ ಸೊಪ್ಪು, ಕಳಲೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಗಳಿಂದ ದಿನ ನೂಕಿದ ಮನೆಗೆ ಡಿಸೆಂಬರ್ ಎಂದರೆ ಹಸಿ ತರಕಾರಿಯ ಸಮೃದ್ಧಿ.

ಕರಾವಳಿಯ ಭತ್ತದ ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ವಿಂಗಡಣೆಯನ್ನು ದಾಖಲಿಸಿದ್ದಾನೆ. ತಗ್ಗಿನ ಬೈಲಿನಲ್ಲಿ ನೀರಿನ ಆಸರೆಯಿಂದ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ತೆಗೆಯಬಹುದು, ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಏಣೆಲು ಒಂದೇ. ಅಕ್ಟೋಬರ್ ಹೊತ್ತಿಗೆ ಏಣೆಲು ಕೊಯ್ಲು ಮುಗಿದ ಗದ್ದೆಯಲ್ಲಿ ಉಳಿದ ತೇವವನ್ನೇ ನೆಚ್ಚಿ ಉದ್ದು, ಹೆಸರು, ಹುರುಳಿ, ಅಲಸಂಡೆ ಬಿತ್ತುತ್ತಾರೆ. ನೀರೆತ್ತುವ ಅನುಕೂಲವಿದ್ದವರು ಸಾಲು ತೋಡಿ ಹರಿವೆ, ಬದನೆ, ಗೆಣಸು, ಸೌತೆ, ಪಡುವಲ, ಹೀರೆ ಹಾಕುತ್ತಾರೆ. ಚಳಿಗಾಲದ ತಟ್ಟೆಯಲ್ಲಿ ಬೇಳೆಕಾಳು ಮತ್ತು ಸೊಪ್ಪು ಹೆಚ್ಚಾಗಿರುವುದಕ್ಕೆ ಕಾರಣ ಇಷ್ಟೇ. ಆಹಾರತಜ್ಞರು ಇಂದು ಹೇಳುವುದನ್ನು ಈ ಗದ್ದೆಗಳು ಬಹಳ ಹಿಂದಿನಿಂದ ಬೆಳೆದುಕೊಡುತ್ತಿವೆ.

ಕ್ಯಾರೆಟ್, ಬೀನ್ಸ್, ಹೂಕೋಸು, ಬಟಾಣಿ, ಅವರೆಗಳು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುತ್ತವೆ. ಅವುಗಳಲ್ಲೇನೂ ದೋಷವಿಲ್ಲ. ಆದರೆ ಮಂಗಳೂರಿನ ಗಿರಾಕಿ ಅಂಗಡಿಯಲ್ಲಿ ನಿಂತು ಮೊದಲು ಕೇಳುವುದು “ಊರಿನದ್ದು ಉಂಟಾ?” ಎಂದೇ. ಊರ ಬದನೆ, ಊರ ಹರಿವೆ, ಊರ ತೊಂಡೆಗೆ ಎರಡು ಕಾಸು ಹೆಚ್ಚು ಕೊಡುವುದು ಇಲ್ಲಿ ರೂಢಿ. ಬೆಳಗ್ಗೆ ಕೊಯ್ದ ಸೊಪ್ಪು ಮಧ್ಯಾಹ್ನದ ಊಟಕ್ಕೆ ಬರುವುದರಿಂದ ಆ ಹೆಚ್ಚಿನ ಬೆಲೆ ನ್ಯಾಯವಾದದ್ದೇ.

ಹುರುಳಿ

ಈ ಅಡುಗೆಯ ಬೆನ್ನೆಲುಬು ಹುರುಳಿ. ತುಳುವಿನಲ್ಲಿ ಕುಡು, ಕೊಂಕಣಿಯಲ್ಲಿ ಕುಳಿತು. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕ ಇದೆ, ಕಬ್ಬಿಣ ಮತ್ತು ಸುಣ್ಣದ ಅಂಶವೂ ಚೆನ್ನಾಗಿದೆ, ನಾರು ಧಾರಾಳ. ಬೆಲೆಯಲ್ಲಿ ತೊಗರಿಗಿಂತ ಸಾಮಾನ್ಯವಾಗಿ ಅಗ್ಗ. ಹುರುಳಿ ಉಷ್ಣ, ಬೇಸಗೆಗೆ ಆಗದು ಎಂಬ ನಂಬಿಕೆ ಕರಾವಳಿಯಲ್ಲಿ ಗಟ್ಟಿಯಾಗಿದೆ. ಹಾಗಾಗಿ ಮಳೆಗಾಲ ಮತ್ತು ಚಳಿಗಾಲಗಳಲ್ಲೇ ಅದು ಹೆಚ್ಚು ಬೇಯುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಕಂಬಳದ ಕಾಲ. ಓಟದ ಕೋಣಗಳಿಗೆ ದಿನವೂ ಬೇಯಿಸಿದ ಹುರುಳಿ ತಿನ್ನಿಸುತ್ತಾರೆ. ಉಳುವ ಜಾನುವಾರುಗಳಿಗೆ ಹುರುಳಿ ಬೇಯಿಸಿದ ಮನೆಗಳಲ್ಲಿ ಬಸಿದ ನೀರು ಅಡುಗೆಮನೆಗೆ ಬಂದು ಸಾರಾಗುತ್ತಿತ್ತು, ಕಾಳು ಹಟ್ಟಿಗೆ ಹೋಗುತ್ತಿತ್ತು.

ಮಾಡುವ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ಹುರುಳಿಯನ್ನು ಕಲ್ಲು ಆರಿಸಿ ತೊಳೆದು ರಾತ್ರಿಯಿಡೀ ನೆನೆಹಾಕಿ, ಮರುದಿನ ಧಾರಾಳ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ನೆನೆಸಿದರೆ ಬೇಗ ಬೇಯುತ್ತದೆ, ಹೊಟ್ಟೆ ಉಬ್ಬರವೂ ಕಡಿಮೆಯಾಗುತ್ತದೆ. ಬಸಿದ ಕಟ್ಟಿಗೆ ಉಪ್ಪು, ಹುಣಸೆಹುಳಿ, ಒಂದು ಚೂರು ಬೆಲ್ಲ, ಜಜ್ಜಿದ ಹಸಿಮೆಣಸು ಹಾಕಿ ಕುದಿಸಿ, ಸಿಪ್ಪೆಸಮೇತ ಜಜ್ಜಿದ ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟರೆ ಹುರುಳಿ ಸಾರು. ಉಳಿದ ಕಾಳಿಗೆ ಸಾಸಿವೆ, ಒಣಮೆಣಸು, ಕಾಯಿತುರಿ ಹಾಕಿದರೆ ಉಪ್ಕರಿ. ಒಂದೇ ಪಾತ್ರೆಯ ಬೇಯುವಿಕೆಯಲ್ಲಿ ಎರಡು ಪದಾರ್ಥ ಸಿದ್ಧ. ಸಾರಸ್ವತರ ಮನೆಯಲ್ಲಿ ಇದೇ ಕಾಳು ತೆಂಗಿನ ಮಸಾಲೆ ಕಡೆದು ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಕೊದ್ದೆಲ್ ಆಗುತ್ತದೆ. ಹುರುಳಿಯನ್ನು ಬರಿದೇ ಹುರಿದು ಕಾಯಿ, ಒಣಮೆಣಸು, ಹುಳಿ ಸೇರಿಸಿ ಅರೆದ ಚಟ್ನಿ ಬೆಳಗಿನ ಗಂಜಿಗೆ ಹೇಳಿಮಾಡಿಸಿದ ಜೊತೆ. ಮೊಳಕೆ ಬರಿಸಿದ ಹೆಸರಿನ ಗಸಿ, ಅಲಸಂಡೆ ಬೀಜದ ಪದಾರ್ಥಗಳೂ ಇದೇ ಸಾಲಿನವು.

ಗೆಡ್ಡೆಗಳು

ಮಳೆಗಾಲದಲ್ಲಿ ಬೆಳೆದ ಗೆಡ್ಡೆಗಳು ಎಲೆ ಹಳದಿಯಾಗುವ ಈ ಕಾಲದಲ್ಲಿ ನೆಲದಿಂದ ಏಳುತ್ತವೆ. ಸುವರ್ಣಗೆಡ್ಡೆ, ಗೆಣಸು, ಮರಗೆಣಸು, ಕೆಸುವಿನ ಗೆಡ್ಡೆ, ಮುಂಡಿ ಇವೆಲ್ಲ ಡಿಸೆಂಬರ್-ಜನವರಿಯಲ್ಲಿ ಮಾರುಕಟ್ಟೆಯ ನೆಲಹಾಸಿನ ಮೇಲೆ ರಾಶಿ ಬೀಳುತ್ತವೆ.

ಇವುಗಳಲ್ಲಿ ಹೆಚ್ಚು ಪ್ರೀತಿಗೆ ಪಾತ್ರವಾದದ್ದು ಸಾಂಬ್ರಾಣಿ. ಕೊಂಕಣಿಗರು ಇದನ್ನು ಕೂಕ ಎನ್ನುತ್ತಾರೆ, ಗಡಿಯಾಚೆಯ ಮಲಯಾಳಿಗಳಿಗೆ ಕೂರ್ಕ. ಹೆಬ್ಬೆರಳಿನಷ್ಟು ಗಾತ್ರದ, ಕಂದುಬಣ್ಣದ, ಮಣ್ಣಿನ ಘಮಲಿನ ಈ ಗೆಡ್ಡೆ ತುಳಸಿಯ ಕುಟುಂಬಕ್ಕೆ ಸೇರಿದ ಗಿಡದ್ದು. ಸಿಪ್ಪೆ ತೆಗೆಯುವುದೇ ದೊಡ್ಡ ಕೆಲಸ: ನೀರಿನಲ್ಲಿ ನೆನೆಸಿ, ಗೋಣಿಚೀಲದಲ್ಲಿ ಹಾಕಿ ಒರಟು ಕಲ್ಲಿನ ಮೇಲೆ ಉಜ್ಜಿದರೆ ತೆಳುಸಿಪ್ಪೆ ಕಳಚಿಕೊಳ್ಳುತ್ತದೆ. ಕೈ ಕಪ್ಪಾಗುತ್ತದೆ, ಅರ್ಧ ಗಂಟೆ ಹೋಗುತ್ತದೆ. ನಗರದ ಎಷ್ಟೋ ಮನೆಗಳಲ್ಲಿ ಸಾಂಬ್ರಾಣಿ ಅಪರೂಪವಾಗಿರುವುದಕ್ಕೆ ಈ ಶ್ರಮವೇ ಕಾರಣ. ಆದರೆ ಕಾಯಿ, ಒಣಮೆಣಸು, ಕೊತ್ತಂಬರಿ ಹುರಿದು ತರಿಯಾಗಿ ಅರೆದು ಮಾಡಿದ ಕೂಕ ಸುಕ್ಕೆಯ ರುಚಿ ಬಟಾಟೆಗೆ ಎಂದಿಗೂ ಬರದು.

ಸುವರ್ಣಗೆಡ್ಡೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಕೈ, ಗಂಟಲು ತುರಿಸುವುದು ಅವುಗಳಿಂದ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹೆಚ್ಚುವುದು, ಹೋಳನ್ನು ಹುಣಸೆ ನೀರಿನಲ್ಲೋ ಮಜ್ಜಿಗೆಯಲ್ಲೋ ಹಾಕಿಡುವುದು, ಹುಳಿ ಸೇರಿಸಿ ಚೆನ್ನಾಗಿ ಬೇಯಿಸುವುದು ಹಳೆಯ ಉಪಾಯಗಳು, ಮೂರೂ ಕೆಲಸ ಮಾಡುತ್ತವೆ. ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶಗಳಿರುವುದರಿಂದ ಸಿಪ್ಪೆಯನ್ನು ದಪ್ಪಗೆ ತೆಗೆದು, ಹೋಳುಗಳನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಲೇಬೇಕು. ಗೆಣಸನ್ನು ಸಿಪ್ಪೆಸಮೇತ ಬೇಯಿಸಿ ತಿನ್ನುವುದು ಒಳ್ಳೆಯ ಸಂಜೆಯ ತಿಂಡಿ. ಅದೇ ಗೆಣಸನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಪೋಡಿ ರುಚಿಯಲ್ಲಿ ಮುಂದಿದ್ದರೂ ಹೊಟ್ಟೆಗೆ ಭಾರ. ಗೆಡ್ಡೆ ಯಾವುದಾದರೂ ಅದು ಪಿಷ್ಟವೇ. ಮಧುಮೇಹ ಇರುವವರು ಗೆಡ್ಡೆಯ ಪದಾರ್ಥ ಮಾಡಿದ ದಿನ ಅನ್ನವನ್ನು ಆ ಅಳತೆಗೆ ಇಳಿಸಬೇಕು.

ಬದನೆ, ಸೊಪ್ಪು, ನೆಲ್ಲಿ

ಮಂಗಳೂರಿಗೆ ಉತ್ತರದಲ್ಲಿ, ಉಡುಪಿ ಜಿಲ್ಲೆಯ ಕಟಪಾಡಿ ಬಳಿಯ ಕಡಲಂಚಿನ ಊರು ಮಟ್ಟು. ಅಲ್ಲಿ ಬೆಳೆಯುವ ದುಂಡನೆಯ, ತಿಳಿಹಸುರಿನ, ಬಿಳಿ ಗೀರುಗಳ ಬದನೆಯೇ ಮಟ್ಟುಗುಳ್ಳ. 16ನೆಯ ಶತಮಾನದ ಯತಿ, ಸೋದೆ ಮಠದ ವಾದಿರಾಜರು ಇದರ ಬೀಜ ಕೊಟ್ಟರೆಂಬ ಐತಿಹ್ಯ ಊರಿನವರಲ್ಲಿ ಜೀವಂತವಾಗಿದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಸಮ ಸಂಖ್ಯೆಯ ವರ್ಷಗಳ ಜನವರಿ 18ರಂದು ನಡೆಯುವ ಉಡುಪಿ ಪರ್ಯಾಯಕ್ಕೆ ಮಟ್ಟುವಿನ ರೈತರು ಗುಳ್ಳವನ್ನು ಹೊರೆಕಾಣಿಕೆಯಾಗಿ ಸಲ್ಲಿಸುತ್ತಾರೆ. ಮಳೆ ನಿಂತ ಮೇಲೆ ನೆಟ್ಟ ಗಿಡ ಡಿಸೆಂಬರ್ ಹೊತ್ತಿಗೆ ಕಾಯಿ ಬಿಟ್ಟು ಬೇಸಗೆಯ ತನಕ ಕೊಡುತ್ತದೆ. ತೆಳುಸಿಪ್ಪೆ, ಬೇಗ ಬೇಯುವ ತಿರುಳು ಇದರ ಗುಣ. ಗುಳ್ಳದ ಹುಳಿ, ತೆಂಗಿನಕಾಯಿ ಇಲ್ಲದ ಬೋಳುಹುಳಿ, ಕೆಂಡದಲ್ಲಿ ಸುಟ್ಟು ಹಿಸುಕಿ ಹಸಿಮೆಣಸು, ಶುಂಠಿ, ಮೊಸರು ಸೇರಿಸಿದ ಗೊಜ್ಜು ಎಲ್ಲವೂ ಮನೆಯ ಅಡುಗೆ. ಬದನೆ ಸ್ಪಂಜಿನಂತೆ ಎಣ್ಣೆ ಕುಡಿಯುವ ತರಕಾರಿ, ಆದ್ದರಿಂದ ಮೂರರಲ್ಲಿ ಸುಟ್ಟ ಗೊಜ್ಜಿಗೇ ಮೊದಲ ಸ್ಥಾನ ಕೊಡಬೇಕು.

ಹರಿವೆಗೆ ತುಳುವಿನಲ್ಲಿ ಪದ್ಪೆ. ಕೆಂಪು ಮತ್ತು ಹಸುರು ಎರಡೂ ಸಿಗುತ್ತವೆ. ಎಲೆ ಪಲ್ಯಕ್ಕೆ, ದಂಟು ಹುಳಿಗೆ, ಎಸೆಯಲು ಬೇರೊಂದೇ ಉಳಿಯುತ್ತದೆ. ಬಸಳೆ ಬಳ್ಳಿ ಹಿತ್ತಿಲ ಚಪ್ಪರದಲ್ಲಿ ವರ್ಷವಿಡೀ ಇದ್ದರೂ ಮಳೆಯ ಕೊಳೆರೋಗ ಹೋದ ಮೇಲೆ ಚಿಗುರುವ ಎಲೆಯೇ ದಪ್ಪ ಮತ್ತು ಸಿಹಿ. ಸಸ್ಯಾಹಾರಿಗಳು ಅದಕ್ಕೆ ಹೆಸರುಕಾಳನ್ನೋ ಅಲಸಂಡೆಯನ್ನೋ ಸೇರಿಸುತ್ತಾರೆ. ಉಳಿದವರು ಎಟ್ಟಿ (ಸಿಗಡಿ) ಅಥವಾ ಮರುವಾಯಿ ಹಾಕುತ್ತಾರೆ. ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ಬೇಕು. ಅದನ್ನು ಒದಗಿಸುವ ನೆಲ್ಲಿಕಾಯಿ ಇದೇ ಋತುವಿನಲ್ಲಿ ಬರುವುದು ಅಡುಗೆ ಮಾಡುವವರ ಪುಣ್ಯ. ತುಳಸಿಪೂಜೆಯ ಕಟ್ಟೆಯಲ್ಲಿ ನೆಲ್ಲಿಯ ಕೊಂಬೆ ನೆಟ್ಟಲ್ಲಿಂದ ನೆಲ್ಲಿಯ ಕಾಲ ಶುರು. ನೆಲ್ಲಿಯಲ್ಲಿರುವ ಸಿ ಜೀವಸತ್ವ ಕಿತ್ತಳೆಯಲ್ಲಿರುವುದರ ಹಲವು ಪಟ್ಟು, ಆದರೆ ಕುದಿಸಿದರೆ ಅದರಲ್ಲಿ ಒಂದಷ್ಟು ಹಾಳಾಗುತ್ತದೆ. ಹಸಿ ನೆಲ್ಲಿಯನ್ನು ಕಾಯಿತುರಿ, ಜೀರಿಗೆ, ಹಸಿಮೆಣಸಿನ ಜೊತೆ ಅರೆದು ಮಜ್ಜಿಗೆಯಲ್ಲಿ ಕದಡುವ ತಂಬುಳಿಗೆ ಒಲೆ ಬೇಡ. ಹುರುಳಿ ಸಾರು, ಹರಿವೆ ಪಲ್ಯ, ನೆಲ್ಲಿ ತಂಬುಳಿ ಒಂದೇ ತಟ್ಟೆಯಲ್ಲಿ ಕೂಡುವುದು ರುಚಿಗೂ ಒಗ್ಗುತ್ತದೆ, ರಕ್ತಹೀನತೆ ತಡೆಯಲೂ ನೆರವಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಮಾತ್ರ ಈ ಲಾಭ ಕುಗ್ಗುತ್ತದೆ.

ಅಳಿವೆ ಮತ್ತು ಕಡಲು

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ. ಆ ಬಳಿಕದ ತಿಂಗಳುಗಳಲ್ಲಿ ಬೂತಾಯಿ, ಬಂಗುಡೆ ದಕ್ಕೆಗೆ ಹೇರಳವಾಗಿ ಬರುತ್ತವೆ. 1970ರ ದಶಕದಲ್ಲಿ ಪರ್ಸೀನ್ ಬಲೆ ಬರುವ ಮುನ್ನ ಇದೇ ತಿಂಗಳುಗಳಲ್ಲಿ ಊರಿಗೆ ಊರೇ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿತ್ತು. ಮಳೆಯ ನಂತರ ಮೇದು ಬೆಳೆದ ಬೂತಾಯಿಯ ಮೈಯಲ್ಲಿ ಎಣ್ಣೆ ಏರಿರುತ್ತದೆ. ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬು ಅದರಲ್ಲಿದೆ, ಮೆತ್ತನೆಯ ಮುಳ್ಳಿನಲ್ಲಿ ಸುಣ್ಣದ ಅಂಶವಿದೆ. ದುಬಾರಿ ಅಂಜಲ್ ಮೀನು ಕೊಳ್ಳಲಾಗದ ಮನೆಗೆ ಇದರಿಂದ ನಷ್ಟವೇನೂ ಇಲ್ಲ. ಪೋಷಣೆಯ ಲೆಕ್ಕದಲ್ಲಿ ಅಗ್ಗದ ಬೂತಾಯಿ ಅದಕ್ಕೆ ಕಡಿಮೆಯದ್ದಲ್ಲ.

ಮಣ್ಣಿನ ಬಿಸಲೆಯಲ್ಲಿ ಮಾಡುವ ಬಂಗುಡೆ ಪುಳಿಮುಂಚಿಗೆ ತೆಂಗಿನಕಾಯಿ ಬೇಕಾಗಿಲ್ಲ. ಒಣಮೆಣಸು, ಹುಳಿ, ಶುಂಠಿ, ಬೆಳ್ಳುಳ್ಳಿಯ ಮಸಾಲೆಯಲ್ಲಿ ಮೀನು ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಸಾರಸ್ವತರು ಬಂಗುಡೆಗೆ ತಿರ್ಫಳ, ಅಂದರೆ ಜುಮ್ಮನಕಾಯಿ ಜಜ್ಜಿ ಹಾಕುತ್ತಾರೆ. ಬಾಳೆಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸುವ ಕ್ರಮವೂ ಇದೆ. ಹೋಟೆಲಿನಿಂದ ಮನೆಗೆ ಬಂದ ರವಾ ಫ್ರೈಗಿಂತ ಇವೆಲ್ಲ ಮೇಲು.

ಮಳೆನೀರಿನ ಹರಿವು ಇಳಿದು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ ಉಪ್ಪು ಏರಿದಾಗ ಮರುವಾಯಿ ಹೆಕ್ಕುವ ಕಾಲ ಬರುತ್ತದೆ. ಮರುವಾಯಿ ಸುಕ್ಕ, ಅಕ್ಕಿಯ ಪುಟ್ಟ ಉಂಡೆಗಳ ಜೊತೆ ಬೇಯಿಸಿದ ಮರುವಾಯಿ ಪುಂಡಿ ತುಳುನಾಡಿನ ಹೆಮ್ಮೆಯ ಅಡುಗೆಗಳು. ಚಿಪ್ಪನ್ನು ಕೆಲವು ಗಂಟೆ ನೀರಿನಲ್ಲಿಟ್ಟು ಹೊಯಿಗೆ ಕಕ್ಕಿಸಬೇಕು. ಬೇಯಿಸಿದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ಎಸೆಯಬೇಕು. ನೀರನ್ನು ಸೋಸಿ ಬದುಕುವ ಜೀವಿಯಾದ್ದರಿಂದ ನೀರಿನ ಹೊಲಸೆಲ್ಲ ಅದರ ಮೈ ಸೇರುತ್ತದೆ. ಕೊಳಚೆ ಹರಿದು ಬರುವ ತೋಡಿನ ಬಾಯಿಯ ಮರುವಾಯಿ ಎಷ್ಟೇ ಅಗ್ಗವಾಗಿದ್ದರೂ ಬೇಡ. ಈ ಊಟ ಉಳಿಯಬೇಕಾದರೆ ನದಿ ಶುಚಿಯಾಗಿರಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಹಬ್ಬದ ಅಡುಗೆ

ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗಿನ ಧನುರ್ಮಾಸದಲ್ಲಿ ದೇವಸ್ಥಾನಗಳ ಪೂಜೆ ಸೂರ್ಯೋದಯಕ್ಕೆ ಮೊದಲೇ ಮುಗಿಯುತ್ತದೆ. ನೈವೇದ್ಯದ ಹುಗ್ಗಿ ಅಕ್ಕಿ, ಹೆಸರುಬೇಳೆ, ಕಾಳುಮೆಣಸು, ಶುಂಠಿ, ಜೀರಿಗೆಗಳದ್ದು. ಅಕ್ಕಿ-ಬೇಳೆ ಕೂಡಿದಾಗ ಒಂದರ ಸಸಾರಜನಕದ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತುಪ್ಪವನ್ನು ಹಿತಮಿತವಾಗಿ ಹಾಕಿದರೆ ಮನೆಯ ಬೆಳಗಿನ ತಿಂಡಿಗೆ ಇದಕ್ಕಿಂತ ಒಳ್ಳೆಯದು ವಿರಳ.

ಕ್ರಿಸ್ಮಸ್‌ಗೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಸಿದ್ಧವಾಗುತ್ತದೆ: ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ. ಇವುಗಳಲ್ಲಿ ಹಲವು ಕರಿದವು, ಸಿಹಿಯವು. ನೆರೆಹೊರೆಗೆಲ್ಲ ಹಂಚಿ ತಿನ್ನುವ ಪದ್ಧತಿಯಿಂದ ಒಬ್ಬೊಬ್ಬರ ಪಾಲಿಗೆ ಬರುವುದು ಸ್ವಲ್ಪವೇ, ಅದೇ ಸರಿಯಾದ ಅಳತೆ. ಹಬ್ಬದೂಟದ ಸನ್ನ ಹಬೆಯಲ್ಲಿ ಬೆಂದದ್ದು.

ತುಳುವರಿಗೆ ಮುಖ್ಯವಾದದ್ದು ಪುಯಿಂತೆಲ್ ತಿಂಗಳ ಕೊನೆಗೆ, ಫೆಬ್ರವರಿ ಎರಡನೆಯ ವಾರದಲ್ಲಿ ಬರುವ ಕೆಡ್ಡಸ. ಭೂಮಿತಾಯಿ ಋತುಮತಿಯಾಗುವ ದಿನಗಳೆಂದು ಆಗ ನೆಲ ಅಗೆಯುವುದಿಲ್ಲ, ಗಿಡ ಕಡಿಯುವುದಿಲ್ಲ. ಕುಚ್ಚಲಕ್ಕಿಯನ್ನು ಹುರಿದು ಪುಡಿಮಾಡಿ ಬೆಲ್ಲ, ಕಾಯಿತುರಿ, ಹುರಿದ ಹುರುಳಿ-ಹೆಸರುಗಳನ್ನು ಬೆರೆಸಿದ ನನ್ಯರಿ ಅಂದಿನ ತಿನಿಸು, ನುಗ್ಗೆ-ಬದನೆಯ ಪದಾರ್ಥ ಅಂದಿನ ಊಟ. ಚಳಿಗಾಲದ ಗದ್ದೆ ಕೊಟ್ಟ ಕಾಳು, ಕಾಯಿಗಳೇ ಹಬ್ಬದ ಎಲೆಗೂ ಬರುತ್ತವೆ. ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡದೆ ಮಾಡುವ ಹಬ್ಬದ ಸಿಹಿ ಇದು. ನಗರದ ಮಕ್ಕಳ ಸಂಜೆಯ ಡಬ್ಬಿಗೆ ನನ್ಯರಿ ಮರಳಿ ಬರಬೇಕು.

ಆರೋಗ್ಯದ ದೃಷ್ಟಿ

ಈ ಅಡುಗೆಯ ಬಲ ಅದರ ಬೇಯಿಸುವ ಕ್ರಮದಲ್ಲಿದೆ. ತೊಂದೂರು ಎಂಬ ಪಾತ್ರೆಯ ಹಬೆಯಲ್ಲಿ ಬೇಯುವ ಕಡುಬು, ಮೂಡೆ, ಪುಂಡಿ, ಮಸಾಲೆಯನ್ನು ಹಸಿಯಾಗಿ ಕಡೆದು ಕುದಿಸುವ ಗಸಿ, ಒಲೆ ಕಾಣದ ತಂಬುಳಿ, ಒಗ್ಗರಣೆಗೆ ಒಂದು ಚಮಚ ಎಣ್ಣೆ. ಭತ್ತವನ್ನು ಸಿಪ್ಪೆಯೊಂದಿಗೆ ಬೇಯಿಸಿ ಒಣಗಿಸಿದ ಕುಚ್ಚಲಕ್ಕಿಯಲ್ಲಿ ಹೊರಪದರದ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿದಿರುತ್ತವೆ. ಹೆಚ್ಚು ಪಾಲಿಶ್ ಮಾಡದ ಕೆಂಪಕ್ಕಿಯಾದರೆ ನಾರೂ ಉಳಿಯುತ್ತದೆ.

ದೌರ್ಬಲ್ಯಗಳೂ ಇವೆ. ಮೊದಲನೆಯದು ಉಪ್ಪು. ಗಂಜಿಗೆ ಉಪ್ಪಿನಕಾಯಿ, ಒಣಮೀನು, ಹಪ್ಪಳ ಎಂದು ಸೇರುತ್ತ ಹೋದರೆ ದಿನಕ್ಕೆ 5 ಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸುಲಭವಾಗಿ ದಾಟುತ್ತದೆ. ಎರಡನೆಯದು ಅನ್ನದ ರಾಶಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ 2,000 ಕ್ಯಾಲೊರಿಯ ದಿನಕ್ಕೆ ಧಾನ್ಯ ಸುಮಾರು 250 ಗ್ರಾಂ, ತರಕಾರಿ 400 ಗ್ರಾಂ ಇರಬೇಕು. ಗದ್ದೆಯಲ್ಲಿ ದುಡಿದವರ ಅನ್ನದ ಅಳತೆ ಕಚೇರಿಯಲ್ಲಿ ಕೂರುವವರಿಗೆ ಸಲ್ಲದು. ತೆಂಗಿನಕಾಯಿಯ ಬಗ್ಗೆ ಮಂಗಳೂರಿಗರ ಅಭಿಮಾನ ದೊಡ್ಡದು, ಆದರೂ ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸಂತೃಪ್ತ ಕೊಬ್ಬು ಎಂಬುದನ್ನು ಮರೆಯಬಾರದು. ಕಾಯಿ ಅರೆದು ಹಾಕಿದ ದಿನ ಪಲ್ಯಕ್ಕೂ ತುರಿ ಸುರಿಯಬೇಕೆಂದಿಲ್ಲ.

ಫ್ಲ್ಯಾಟುಗಳು ಏರಿದಂತೆ ಬಸಳೆ ಚಪ್ಪರದ ಹಿತ್ತಿಲು ನಗರದಿಂದ ಕಾಣೆಯಾಗಿದೆ, ಸುತ್ತಲ ಬೆಟ್ಟು ಗದ್ದೆಗಳಲ್ಲಿ ಎಷ್ಟೋ ಹಡಿಲು ಬಿದ್ದಿವೆ, ಎಷ್ಟೋ ಅಡಿಕೆ ತೋಟಗಳಾಗಿವೆ. ಮಂಗಳೂರಿನ ಸಾವಯವ ಕೃಷಿಕ ಗ್ರಾಹಕ ಬಳಗ ರೈತರು ನೇರವಾಗಿ ಮಾರುವ ಸಂತೆಯನ್ನೂ ಗೆಡ್ಡೆಗೆಣಸಿನ ಮೇಳವನ್ನೂ ನಡೆಸಿ ನಗರದ ಗಿರಾಕಿಗೆ ಈ ಪದಾರ್ಥಗಳನ್ನು ಮತ್ತೆ ಪರಿಚಯಿಸಿದೆ. ಸಾಂಬ್ರಾಣಿ, ಊರ ಹರಿವೆ, ಊರ ಬದನೆಗಳ ತಳಿ ಉಳಿಯುವುದು ಮುಖ್ಯವಾಗಿ ಬೆಳೆಗಾರರ ಹಿತ್ತಿಲಿನಲ್ಲಿ, ಕೊಳ್ಳುವವರಿದ್ದರೆ ಮಾತ್ರ ಅವರು ಮುಂದಿನ ವರ್ಷಕ್ಕೆ ಬೀಜ ಎತ್ತಿಡುತ್ತಾರೆ. ಈ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಹೋದಾಗ ಅರ್ಧ ಕಿಲೋ ಸಾಂಬ್ರಾಣಿ ಕೇಳಿ, ಸಿಪ್ಪೆ ತೆಗೆಯಲು ಮನೆಮಂದಿಯನ್ನೆಲ್ಲ ಕೂರಿಸಿಕೊಳ್ಳಿ.